ಹಿರಿಯರ ಎಡೆ, ವಲಸಿಗರ ಮನೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕೆರೆಬಾವಿಗಳನ್ನೇ ನಂಬಿ ಬದುಕಿದ ಬಯಲುಸೀಮೆಯ ಭಾಗಗಳಾದುದರಿಂದ, ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು ಹೋಗುವುದೂ ಹಬ್ಬಕ್ಕೆ ಊರಿಗೆ ಮರಳುವುದೂ ಇಲ್ಲಿನ ಕುಟುಂಬಗಳಿಗೆ ಹೊಸ ಸಂಗತಿಯಲ್ಲ. ಬೆಂಗಳೂರಿನಲ್ಲಿ ಎರಡು ತಲೆಮಾರು ಕಳೆದ ಮನೆತನವೂ ತನ್ನ ಮನೆದೇವರು ಯಾವ ಬೆಟ್ಟದ ಮೇಲೆ, ಯಾವ ಊರಿನ ಗಡಿಯಲ್ಲಿ ಇದೆಯೆಂಬುದನ್ನು ಮರೆಯುವುದಿಲ್ಲ. ಮಹಾಲಯ ಅಮಾವಾಸ್ಯೆ ಬಂದಾಗ, ತೀರಿಹೋದ ಹಿರಿಯರ ಹೆಸರಿನಲ್ಲಿ ಹೊಸಬಟ್ಟೆ ಇಟ್ಟು, ಅವರಿಗೆ ಇಷ್ಟವಾದ ಅಡುಗೆಯನ್ನು ಎಲೆಯ ಮೇಲೆ ಬಡಿಸಿ ಎಡೆ ಹಾಕುವುದನ್ನು ಬಾಡಿಗೆ ಮನೆಯಲ್ಲಿದ್ದರೂ ತಪ್ಪಿಸುವುದಿಲ್ಲ. ಒಂದು ಕುಟುಂಬ ಊರನ್ನಷ್ಟೇ ಅಲ್ಲದೆ ಧರ್ಮವನ್ನೂ ಬದಲಾಯಿಸಿದಾಗ ಈ ಎಡೆಯ ಗತಿ ಏನಾಗುತ್ತದೆ, ಮದುವೆಯ ತಾಳಿ, ಸಾವಿನ ಕರ್ಮ, ಮಗುವಿಗೆ ಇಡುವ ಹೆಸರು ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಬಿಟ್ಟುಹೋಗುತ್ತದೆ ಎಂಬ ಪ್ರಶ್ನೆ ಕಡಲಾಚೆಗೆ ವಲಸೆಹೋದ ಚೀನೀ ಕಥೋಲಿಕ ಕುಟುಂಬಗಳ ಚರಿತ್ರೆಯಲ್ಲಿ ಬಹು ಮುಖ್ಯವಾದುದು. ಅದೇ ಪ್ರಶ್ನೆ ಮೊಗಲರ ಶಿರಾ ಪ್ರಾಂತ್ಯದ ಪೂರ್ವದ ಅಂಚಿನಲ್ಲಿಯೂ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಎದ್ದಿತ್ತು ಎಂಬುದು ಮತ್ತು ಎರಡು ಕಡೆಯೂ ಪೋಪನ ಪ್ರತಿನಿಧಿಯಾಗಿ ತೀರ್ಪನ್ನು ಕೊಟ್ಟವನು ಒಬ್ಬನೇ ವ್ಯಕ್ತಿಯೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಚೀನೀ ಕುಟುಂಬದ ಕಟ್ಟಳೆಯಲ್ಲಿ ಸತ್ತವರಿಗೆ ಬದುಕಿರುವವರಷ್ಟೇ ಸ್ಥಾನವಿದೆ. ಮನೆಯ ನಡುಮನೆಯಲ್ಲಿ ಪೂರ್ವಜರ ಹೆಸರು ಬರೆದ ಮರದ ಫಲಕಗಳನ್ನು ಇಟ್ಟು, ಅವುಗಳ ಮುಂದೆ ಊದುಬತ್ತಿ ಹಚ್ಚಿ ತಲೆಬಾಗುವುದು ಹಿರಿಯ ಮಗನ ಹೊಣೆಯಾಗಿತ್ತು. ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಬರುವ ಚಿಂಗ್‌ಮಿಂಗ್ ಹಬ್ಬದಂದು ಇಡೀ ಕುಟುಂಬ ಸಮಾಧಿಗಳಿಗೆ ಹೋಗಿ, ಹುಲ್ಲು ಕಿತ್ತು ಶುಚಿಮಾಡಿ, ಅಡುಗೆ ಇಟ್ಟು ಬರುತ್ತಿತ್ತು. ಯೇಸುಸಭೆ ಎಂದು ಕರೆಯಲಾಗುವ ಕಥೋಲಿಕ ಗುರುಗಳ ಸಂಘಕ್ಕೆ ಸೇರಿದ ಇಟಲಿಯ ಮತ್ತೆಯೊ ರಿಚ್ಚಿ, 1610ರಲ್ಲಿ ಬೀಜಿಂಗ್‌ನಲ್ಲಿ ತೀರಿಕೊಳ್ಳುವವರೆಗೂ, ಈ ನಮಸ್ಕಾರ ದೇವರ ಪೂಜೆಯಲ್ಲ, ತಾಯಿತಂದೆಯರಿಗೆ ಸಲ್ಲಿಸುವ ಗೌರವ ಎಂದೇ ಎಣಿಸಿದ್ದನು. ಆದುದರಿಂದ ಕ್ರೈಸ್ತರಾದ ಚೀನೀಯರು ಅದನ್ನು ಕೆಲವು ಮಾರ್ಪಾಡುಗಳೊಡನೆ ಮುಂದುವರಿಸಬಹುದೆಂಬ ನಿಲುವು ಅವನ ಅನುಯಾಯಿಗಳದಾಗಿತ್ತು. ಆಮೇಲೆ ಬಂದ ಡೊಮಿನಿಕನ್ ಮತ್ತು ಫ್ರಾನ್ಸಿಸ್ಕನ್ ಸಂಘಗಳ ಗುರುಗಳು ಇದನ್ನು ವಿಗ್ರಹಾರಾಧನೆಯೆಂದು ಆಕ್ಷೇಪಿಸಿದರು. ಒಂದು ಶತಮಾನಕ್ಕೂ ಮೀರಿ ನಡೆದ ಈ ತಕರಾರಿಗೆ ಚೀನೀ ವಿಧಿಗಳ ವಿವಾದ ಎಂಬ ಹೆಸರು ಬಂದಿದೆ.

ಇತ್ತ ಕನ್ನಡನಾಡಿನಲ್ಲಿ 1687ರ ಹೊತ್ತಿಗೆ ಮೊಗಲರ ವಶವಾದ ಶಿರಾ ಒಂದು ಸುಬಾದ, ಎಂದರೆ ಪ್ರಾಂತ್ಯದ, ರಾಜಧಾನಿಯಾಗಿ, ಅದರ ಕೆಳಗೆ ಬಸವಾಪಟ್ಟಣ, ಬೂದಿಹಾಳು, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಮೊದಲಾದ ಪರಗಣೆಗಳು ಬಂದವು. ಮಧುಗಿರಿ ಮಾತ್ರ ಅದಕ್ಕೂ ಮೊದಲೇ, 1678ರಲ್ಲಿ, ಚಿಕ್ಕದೇವರಾಜ ಒಡೆಯರ ಕೈಸೇರಿತ್ತು. ಮೈಸೂರು ಅರಸರ ಸೀಮೆಯಲ್ಲಿ ಯೇಸುಸಭೆಯ ಗುರುಗಳು ಕಂಠೀರವ ನರಸರಾಜರ ಕಾಲದಿಂದಲೇ ಇದ್ದರು. ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಗುರು ಕನ್ನಡ ಕಲಿತು ಕನ್ನಡದಲ್ಲಿ ಧರ್ಮೋಪದೇಶವನ್ನು ಬರೆದದ್ದು ಆ ಕಾಲದಲ್ಲಿ. ಹದಿನೆಂಟನೆಯ ಶತಮಾನದ ಮೊದಲ ವರ್ಷಗಳಲ್ಲಿ ಪುದುಚೇರಿಯಿಂದ ಹೊರಟ ಫ್ರೆಂಚ್ ಗುರುಗಳು ಕರ್ನಾಟಿಕ್ ಮಿಷನ್ ಎಂಬ ಹೆಸರಿನಲ್ಲಿ ಪುಂಗನೂರು, ಚಿಕ್ಕಬಳ್ಳಾಪುರ, ಅನಂತಪುರ ಸೀಮೆಯ ಕೃಷ್ಣಾಪುರ, ಮದಿಗುಬ್ಬ ಈ ಊರುಗಳಲ್ಲಿ ನೆಲೆಗಳನ್ನು ಮಾಡಿಕೊಂಡರು. ಪಾವಗಡದ ಇಂದಿನ ಎಲ್ಲೆಯಿಂದಾಚೆ ಕನ್ನಡವೂ ತೆಲುಗೂ ಬೆರೆತ ನಾಡು ಇದು. ಈ ಗುರುಗಳು ಕಾವಿಯುಟ್ಟು, ಮಾಂಸಮದ್ಯಗಳನ್ನು ಬಿಟ್ಟು, ಸಂನ್ಯಾಸಿಗಳ ಹಾಗೆ ಬದುಕುತ್ತಿದ್ದರು. ಅವರಲ್ಲಿ ಎತಿಯೆನ್ ಲೆ ಗಾಕ್ ಪಾಳೆಯಗಾರರ ಮತ್ತು ನವಾಬರ ದಂಡುಗಳ ನಡುವೆ ಸಿಕ್ಕಿಬಿದ್ದ ಹಳ್ಳಿಗಳ ಬಗ್ಗೆ ವಿವರವಾದ ಕಾಗದಗಳನ್ನು ಬರೆದಿದ್ದಾನೆ. ಜಾನ್ ಕಾಲ್ಮೆಟ್ ವೇದಗಳ ಪ್ರತಿಗಳನ್ನು ಹುಡುಕಿ ಪ್ಯಾರಿಸ್ಸಿಗೆ ಕಳಿಸಿದನು. ಚಿಕ್ಕಬಳ್ಳಾಪುರದಲ್ಲಿದ್ದ ಕೂರ್ದು ಎಂಬ ಗುರು, ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ಇರುವ ಬಂಧುತ್ವವನ್ನು ವಿಲಿಯಂ ಜೋನ್ಸ್‌ಗಿಂತ ಮುಂಚೆಯೇ ಗುರುತಿಸಿದವನು. ಪ್ಯಾರಿಸ್ಸಿನಲ್ಲಿ 1702ರಿಂದ 1776ರವರೆಗೆ 34 ಸಂಪುಟಗಳಲ್ಲಿ ಅಚ್ಚಾದ ಗುರುಗಳ ಪತ್ರಮಾಲೆಯಲ್ಲಿ ಈ ಸೀಮೆಯ ಕಾಗದಗಳೂ ಚೀನಾದ ಕಾಗದಗಳೂ ಅಕ್ಕಪಕ್ಕದಲ್ಲಿಯೇ ಇವೆ.

ಈ ಎರಡೂ ನಾಡುಗಳ ಕ್ರೈಸ್ತ ಮನೆಗಳ ಮೇಲೆ ತೀರ್ಪು ಕೊಡಲು ಪೋಪ್ ಹನ್ನೊಂದನೆಯ ಕ್ಲೆಮೆಂಟ್ ಕಳಿಸಿದ ಪ್ರತಿನಿಧಿ ಷಾರ್ಲ್ ತೋಮಾ ಮೇಲಾರ್ ದ ಟೂರ್ನೊನ್. ಅವನ ಗುರಿ ಚೀನಾ. ದಾರಿಯಲ್ಲಿ 1703ರ ನವೆಂಬರಿನಲ್ಲಿ ಪುದುಚೇರಿಯಲ್ಲಿ ಇಳಿದು ಸುಮಾರು ಎಂಟು ತಿಂಗಳು ಅಲ್ಲಿಯೇ ನಿಂತನು. ಆ ಅವಧಿಯಲ್ಲಿ ಆರೋಗ್ಯ ಸರಿಯಿಲ್ಲದೆ ಒಳನಾಡಿನ ಒಂದು ಹಳ್ಳಿಯನ್ನೂ ನೋಡದೆ, ಇಬ್ಬರು ಗುರುಗಳನ್ನು ವಿಚಾರಿಸಿ ತಿಳಿದುಕೊಂಡದ್ದರ ಆಧಾರದ ಮೇಲೆ, 1704ರ ಜೂನ್ 23ರಂದು ಮಧುರೆ, ಮೈಸೂರು ಮತ್ತು ಕರ್ನಾಟಿಕ್ ಮಿಷನ್ನುಗಳಿಗೆ ಅನ್ವಯಿಸುವ 16 ಅಂಶಗಳ ಆಜ್ಞೆಯನ್ನು ಹೊರಡಿಸಿದನು. ಮಲಬಾರಿಗೂ ಈ ಆಜ್ಞೆಗೂ ಹೆಚ್ಚು ಸಂಬಂಧವಿಲ್ಲದಿದ್ದರೂ, ಅಂದಿನ ಯೂರೋಪಿಯನ್ನರು ದಕ್ಷಿಣದವರನ್ನೆಲ್ಲ ಮಲಬಾರಿಗಳೆಂದೇ ಕರೆಯುತ್ತಿದ್ದುದರಿಂದ ಇದು ಮಲಬಾರ್ ವಿಧಿಗಳ ವಿವಾದವೆಂದು ಹೆಸರಾಯಿತು.

ಆಜ್ಞೆಯ ಬಹುಪಾಲು ಅಂಶಗಳು ದೇವತಾಶಾಸ್ತ್ರಕ್ಕಿಂತ ಹೆಚ್ಚಾಗಿ ಮನೆಯೊಳಗಿನ ಬದುಕಿಗೆ ಸೇರಿದವು. ಆರೇಳು ವರ್ಷದ ಮಕ್ಕಳ ಮದುವೆ ಕೂಡದು. ಗಣಪತಿಯ ಗುರುತಿರುವ ತಾಳಿಯನ್ನು ಕಟ್ಟಕೂಡದು, ಬೇಕಾದರೆ ಶಿಲುಬೆಯ ಇಲ್ಲವೆ ಕ್ರಿಸ್ತನ, ಮಾತೆ ಮರಿಯಳ ಗುರುತಿರುವುದನ್ನು ಕಟ್ಟಬಹುದು. ಅರಿಸಿನ ಹಚ್ಚಿದ 108 ಎಳೆಗಳ ದಾರದಲ್ಲಿ ಅದನ್ನು ಪೋಣಿಸಕೂಡದು. ಮದುವೆಯಲ್ಲಿ ತೆಂಗಿನಕಾಯಿ ಒಡೆದು ಶಕುನ ನೋಡಕೂಡದು. ಹುಡುಗಿ ಮೈನೆರೆದಾಗ ಸಂಭ್ರಮ ಮಾಡಕೂಡದು. ಮುಟ್ಟಾದ ಹೆಂಗಸರನ್ನು ದೇವಾಲಯದಿಂದಲೂ ಸಂಸ್ಕಾರಗಳಿಂದಲೂ ದೂರ ಇಡಕೂಡದು. ಹಣೆಗೆ ವಿಭೂತಿ ಕೂಡದು. ಮಗುವಿಗೆ ಸಂತರ ಹೆಸರನ್ನೇ ಇಡಬೇಕು. ದೀಕ್ಷಾಸ್ನಾನದಲ್ಲಿ, ಎಂದರೆ ನೀರು ಹೊಯ್ದು ಕ್ರೈಸ್ತರನ್ನಾಗಿ ಮಾಡುವ ಸಂಸ್ಕಾರದಲ್ಲಿ, ಎಂಜಲು ಮುಟ್ಟಿಸುವ ರೋಮಿನ ಕ್ರಮವನ್ನು ಈ ನಾಡಿನವರಿಗೆ ಹೇಸಿಗೆಯಾಗುತ್ತದೆಂದು ಬಿಡಕೂಡದು. ಎಂಜಲಿನ ವಿಷಯದಲ್ಲಿ ಬಯಲುಸೀಮೆಯ ಯಾವ ಅಜ್ಜಿಗೂ ಗೊತ್ತಿದ್ದುದು ಟೂರ್ನೊನ್‌ಗೆ ಗೊತ್ತಿರಲಿಲ್ಲ ಎನ್ನದೆ ವಿಧಿಯಿಲ್ಲ. ಆದರೆ ಈ ಆಜ್ಞೆಯನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಬಾಲ್ಯವಿವಾಹವನ್ನೂ ಮುಟ್ಟಿನ ಮೈಲಿಗೆಯನ್ನೂ ಅದು ವಿರೋಧಿಸಿತು. ಅಷ್ಟೇ ಅಲ್ಲದೆ, ಅಸ್ಪೃಶ್ಯರೆಂದು ಹೊರಗಿಡಲಾದ ಕ್ರೈಸ್ತರು ಕಾಯಿಲೆ ಬಿದ್ದರೆ ಗುರುಗಳು ಅವರ ಗುಡಿಸಲಿನೊಳಕ್ಕೇ ಹೋಗಿ ಸಂಸ್ಕಾರ ಕೊಡಬೇಕೆಂದು ಅದು ಕಟ್ಟುನಿಟ್ಟಾಗಿ ವಿಧಿಸಿತು. ಸ್ಥಳೀಯ ರೂಢಿಯನ್ನು ಗೌರವಿಸಬೇಕೆಂದು ವಾದಿಸಿದ ಗುರುಗಳಿಗೆ ಅತ್ಯಂತ ಕಷ್ಟವೆನಿಸಿದ ಅಂಶ ಇದೇ. ಏಕೆಂದರೆ ಮೇಲುಜಾತಿಯವರ ಮನೆಗಳಿಗೆ ಹೋಗುವ ಸಂನ್ಯಾಸಿ ಆ ಗುಡಿಸಲನ್ನು ಹೊಕ್ಕರೆ ಮತ್ತೆ ಆ ಮನೆಗಳ ಬಾಗಿಲು ತೆರೆಯುತ್ತಿರಲಿಲ್ಲ. ರೂಢಿಯ ಹೆಸರಿನಲ್ಲಿ ಎಡೆಯೂ ಉಳಿಯುತ್ತದೆ, ಅಸ್ಪೃಶ್ಯತೆಯೂ ಉಳಿಯುತ್ತದೆ ಎಂಬ ತೊಡಕನ್ನು ಆ ಕಾಲದ ಎರಡು ಪಕ್ಷಗಳೂ ಬಿಡಿಸಲಿಲ್ಲ. ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ 1744ರಲ್ಲಿ ಕೊನೆಯ ತೀರ್ಪು ಕೊಟ್ಟಾಗಲೂ, ಕೆಳಜಾತಿಯವರಿಗೆಂದು ಬೇರೆ ಗುರುಗಳನ್ನು ನೇಮಿಸುವ ಏರ್ಪಾಡಿಗೆ ಒಪ್ಪಿದನೇ ಹೊರತು ಪಂಕ್ತಿಭೇದ ಅಳಿಯಲಿಲ್ಲ.

ಪುದುಚೇರಿಯಿಂದ ಹೊರಟ ಟೂರ್ನೊನ್ 1705ರ ಕೊನೆಯಲ್ಲಿ ಬೀಜಿಂಗ್‌ನಲ್ಲಿ ಕಾಂಗ್‌ಷಿ ಚಕ್ರವರ್ತಿಯನ್ನು ಕಂಡನು; 1692ರಲ್ಲಿ ಕ್ರೈಸ್ತ ಧರ್ಮಕ್ಕೆ ಮಾನ್ಯತೆ ಕೊಟ್ಟಿದ್ದ ಆ ಅರಸನು, ಪೂರ್ವಜರ ಗೌರವವನ್ನು ಒಪ್ಪುವ ಗುರುಗಳಿಗೆ ಮಾತ್ರ ದೇಶದಲ್ಲಿರಲು ರಹದಾರಿ ಎಂದು ವಿಧಿಸಿದನು. ಟೂರ್ನೊನ್ 1707ರಲ್ಲಿ ನಾನ್‌ಜಿಂಗ್‌ನಿಂದ ಅದಕ್ಕೆ ವಿರುದ್ಧವಾದ ಆಜ್ಞೆ ಹೊರಡಿಸಿ, ಮಕಾವಿಗೆ ಕಳಿಸಲ್ಪಟ್ಟು, ಅಲ್ಲಿ ಕಾವಲಿನಲ್ಲಿಯೇ 1710ರ ಜೂನ್ 8ರಂದು ಸತ್ತನು. ರೋಮ್ 1715ರಲ್ಲಿಯೂ, ಅಂತಿಮವಾಗಿ 1742ರಲ್ಲಿಯೂ ಪೂರ್ವಜರ ವಿಧಿಗಳನ್ನು ನಿಷೇಧಿಸಿ, ಚೀನಾಕ್ಕೆ ಹೋಗುವ ಪ್ರತಿಯೊಬ್ಬ ಗುರುವೂ ಈ ನಿಷೇಧವನ್ನು ಪಾಲಿಸುವೆನೆಂದು ಪ್ರಮಾಣ ಮಾಡಬೇಕೆಂದು ಕಟ್ಟು ಮಾಡಿತು. ನಡುವೆ 1724ರಲ್ಲಿ ಚಕ್ರವರ್ತಿ ಯೊಂಗ್‌ಚೆಂಗ್ ಕ್ರೈಸ್ತ ಧರ್ಮವನ್ನೇ ನಿಷೇಧಿಸಿದ್ದನು. ಹೀಗೆ ಅರಮನೆಯಿಂದಲೂ ರೋಮಿನಿಂದಲೂ ಒತ್ತಡಕ್ಕೆ ಸಿಕ್ಕಿದ ಚೀನೀ ಕಥೋಲಿಕರಲ್ಲಿ ಧರ್ಮ ಪೂರ್ತಿಯಾಗಿ ಮನೆತನದ ಸೊತ್ತಾಯಿತು. ವರ್ಷಕ್ಕೊಮ್ಮೆಯೂ ಗುರುವಿನ ಮುಖ ಕಾಣದ ಹಳ್ಳಿಗಳಲ್ಲಿ ಊರ ಹಿರಿಯನೇ ಪ್ರಾರ್ಥನೆ ಹೇಳಿಕೊಟ್ಟನು, ಮದುವೆಯಾಗದೆ ತವರಿನಲ್ಲಿಯೇ ಉಳಿದ ಹೆಣ್ಣುಮಕ್ಕಳು ಮಕ್ಕಳಿಗೆ ಉಪದೇಶ ಕಲಿಸಿದರು, ಸಾಯುವ ಕೂಸುಗಳಿಗೆ ದೀಕ್ಷಾಸ್ನಾನ ಕೊಟ್ಟರು.

ಶಿರಾ ಸೀಮೆಯ ಅಂಚಿನಲ್ಲಿ ನಡೆದದ್ದೂ ಇದಕ್ಕೆ ದೂರವಲ್ಲ. ಮದಿಗುಬ್ಬದ ಸುತ್ತಿನಲ್ಲಿ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕಥೋಲಿಕರಾದ ರೆಡ್ಡಿ ಕುಟುಂಬಗಳು ಬರ, ದಂಡಿನ ಹಾವಳಿ ಮತ್ತು ಕಿರುಕುಳ ತಾಳಲಾರದೆ ಗುಂಪುಗುಂಪಾಗಿ ಪೂರ್ವಕ್ಕೆ ಹೊರಟವು. ಗುಂಟೂರು ಸೀಮೆಯ ಫಿರಂಗಿಪುರಂ ಮೊದಲಾದ ಊರುಗಳಲ್ಲಿ ನೆಲೆಸಿದ ರೆಡ್ಡಿ ಕಥೋಲಿಕರು ಈ ವಲಸೆಯಿಂದ ಬಂದವರು, ತಮಿಳುನಾಡಿನ ಕೀಳಚ್ಚೇರಿಗೂ ಅವರ ಒಂದು ಕವಲು ಹೋಯಿತು. ಅವರು ಒಯ್ದದ್ದು ಇಂಟಿಪೇರು ಎನ್ನುವ ಮನೆತನದ ಹೆಸರು, ತಮ್ಮೊಳಗೆ ಮಾತ್ರ ಹೆಣ್ಣು ಕೊಟ್ಟು ತರುವ ಕಟ್ಟು, ಶಿಲುಬೆಯ ಗುರುತಿನ ತಾಳಿ ಮತ್ತು ಸಂಜೆಯ ಜಪಸರದ ಪ್ರಾರ್ಥನೆ. ಗುರುವಿಲ್ಲದ ಕಾಲದಲ್ಲಿ ಇವರನ್ನು ಹಿಡಿದಿಟ್ಟವರು ಉಪದೇಶಿಗಳು, ಎಂದರೆ ಗುರುದೀಕ್ಷೆ ಪಡೆಯದಿದ್ದರೂ ಧರ್ಮಪಾಠ ಹೇಳಿಕೊಡುತ್ತಿದ್ದ ಗೃಹಸ್ಥರು. ಯೇಸುಸಭೆ 1773ರಲ್ಲಿ ರದ್ದಾದಾಗ ಒಳನಾಡಿನ ನೆಲೆಗಳು ಬರಿದಾದವು. ಅಷ್ಟಾದರೂ ಕುಟುಂಬಗಳು ಉಳಿದುಕೊಂಡದ್ದು ಈ ಉಪದೇಶಿಗಳಿಂದ ಮತ್ತು ಮನೆಯ ಹೆಂಗಸರಿಂದ.

ಶಿರಾ ಪಟ್ಟಣವೂ ಅದೇ ಶತಮಾನದಲ್ಲಿ ಮರಾಠರ, ಹೈದರನ, ಮತ್ತೆ ಮರಾಠರ ಕೈಗೆ ಹೋಗಿ 1774ರಲ್ಲಿ ಟಿಪ್ಪುವಿನಿಂದ ಮರಳಿ ಗೆಲ್ಲಲ್ಪಟ್ಟಿತು. ಅಲ್ಲಿನ 12,000 ಕುಟುಂಬಗಳನ್ನು ಟಿಪ್ಪು ಬಲವಂತವಾಗಿ ಶ್ರೀರಂಗಪಟ್ಟಣದ ಬಳಿ ತಾನು ಕಟ್ಟಿಸಿದ ಗಂಜಾಮಿಗೆ ಸಾಗಿಸಿದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. 1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ತಂದ ಕೊಂಕಣಿ ಕಥೋಲಿಕ ಕುಟುಂಬಗಳು, ಗೋವೆಯಿಂದ ತಲೆಮಾರುಗಳ ಹಿಂದೆ ವಲಸೆ ಬಂದು ಕೆನರಾದಲ್ಲಿ ಬೇರೂರಿದ್ದವರು, ಬಂದು ಸೇರಿದ್ದೂ ಆ ಶ್ರೀರಂಗಪಟ್ಟಣಕ್ಕೇ. ಅವರ ಸಂಖ್ಯೆಯ ಬಗ್ಗೆ ಚರಿತ್ರಕಾರರ ನಡುವೆ ಇಂದಿಗೂ ಒಮ್ಮತವಿಲ್ಲ. ಸೆರೆಯಲ್ಲಿ ಹಲವರು ಮತಾಂತರಕ್ಕೆ ಒಳಗಾಗಿ, 1799ರ ನಂತರ ಉಳಿದವರು ಕರಾವಳಿಗೆ ಮರಳಿದರು ಅಥವಾ ಮೈಸೂರು ಸೀಮೆಯಲ್ಲೇ ನಿಂತರು. ನಿಂತವರನ್ನು ಕೂಡಿಸಿ ಗಂಜಾಮಿನಲ್ಲಿ ದೇವಾಲಯ ಕಟ್ಟಿದ ಆಬೆ ದುಬುವಾ, ಭಾರತೀಯ ಉಡುಪಿನಲ್ಲಿ ಬದುಕಿದ ಫ್ರೆಂಚ್ ಗುರು. ಹಿಂದೂ ಆಚಾರಗಳ ಕುರಿತು ಅವನ ಹೆಸರಿನಲ್ಲಿ ಪ್ರಸಿದ್ಧವಾದ ಗ್ರಂಥ ಬಹುಪಾಲು ಚಿಕ್ಕಬಳ್ಳಾಪುರದ ಆ ಕೂರ್ದುವಿನ ಹಸ್ತಪ್ರತಿಯಿಂದ ಬಂದುದೆಂದು 1987ರಲ್ಲಿ ಸಿಲ್ವಿಯಾ ಮುರ್ ಎಂಬ ವಿದ್ವಾಂಸೆ ತೋರಿಸಿದ್ದಾರೆ.

ದುಬುವಾ ಸೇರಿದ್ದ ಸಂಘ ಪ್ಯಾರಿಸ್ ವಿದೇಶ ಮಿಷನ್. ಯೇಸುಸಭೆಯ ನಂತರ ಕರ್ನಾಟಿಕ್ ಮಿಷನ್ನನ್ನು ವಹಿಸಿಕೊಂಡ ಈ ಸಂಘವೇ ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಧರ್ಮಪ್ರಾಂತವನ್ನೂ ಮಲಯಾ ಮತ್ತು ಸಿಂಗಪುರದ ಚೀನೀ ಕಥೋಲಿಕರನ್ನೂ ನೋಡಿಕೊಂಡಿತು. ಚೀನೀ, ವಿಯೆಟ್ನಾಮೀ ಯುವಕರನ್ನು ಗುರುಗಳನ್ನಾಗಿ ತರಬೇತು ಮಾಡಲು ಅದು 1665ರಲ್ಲಿ ಸಯಾಮಿನ ಅಯುತ್ಥಯದಲ್ಲಿ ತೆರೆದ ಗುರುಮಠ, ಯುದ್ಧಗಳಿಂದಾಗಿ ಊರೂರು ಅಲೆದು, 1770ರಿಂದ ಸುಮಾರು ಹತ್ತು ವರ್ಷ ಪುದುಚೇರಿಯ ಪಕ್ಕದ ವೀರಾಂಪಟ್ಟಣದಲ್ಲಿ ನಡೆದು, 1808ರಲ್ಲಿ ಪೆನಾಂಗ್‌ನಲ್ಲಿ ನೆಲೆಗೊಂಡಿತು. ಚೀನೀ ವಲಸಿಗರ ಕಥೋಲಿಕ ಚರಿತ್ರೆಯ ಒಂದು ದಶಕ ಹೀಗೆ ತಮಿಳು ಮೀನುಗಾರರ ಹಳ್ಳಿಯೊಂದರಲ್ಲಿ ಕಳೆದಿದೆ.

ಮಲಯಾಕ್ಕೆ ಬಂದ ಚೀನೀಯರಲ್ಲಿ ಮೊದಮೊದಲು ಕುಟುಂಬವೇ ಇರಲಿಲ್ಲ. ದಕ್ಷಿಣ ಚೀನಾದ ಬಂದರುಗಳಿಂದ ಹಡಗು ಹತ್ತಿದವರಲ್ಲಿ ಗಂಡಸರೇ ಹೆಚ್ಚು. ಹೆಂಡತಿ ಮಕ್ಕಳನ್ನೂ ಪೂರ್ವಜರ ಫಲಕಗಳನ್ನೂ ಊರಿನಲ್ಲಿ ಬಿಟ್ಟು ಬಂದ ಈ ಕೂಲಿಗಳು ಸಿಂಗಪುರದ ಒಳಗಾಡಿನಲ್ಲಿ ಮೆಣಸು ಬೆಳೆದರು, ಚರ್ಮ ಹದಮಾಡಲು ಬೇಕಾದ ಗ್ಯಾಂಬಿಯರ್ ಎಂಬ ಎಲೆಯ ಸಾರವನ್ನು ಕಾಯಿಸಿದರು. ಅವರಿಗಿದ್ದ ದೊಡ್ಡ ಅಂಜಿಕೆ ಅನಾಥ ಸಾವು. ಸತ್ತರೆ ಹೂಳುವವರು ಯಾರು, ಹೆಸರಿಗೆ ಊದುಬತ್ತಿ ಹಚ್ಚುವವರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಗುಪ್ತ ಸಂಘಗಳು ಎಂದು ಸರ್ಕಾರ ಕರೆದ ಸಹೋದರತ್ವದ ಕೂಟಗಳು ಹುಟ್ಟಿದ್ದವು. ಅವು ವಂತಿಗೆ ವಸೂಲು ಮಾಡಿ, ಪ್ರಮಾಣ ಮಾಡಿಸಿಕೊಂಡು, ಸಾವಿನ ಖರ್ಚನ್ನೂ ಕೆಲಸದ ಜಾಗವನ್ನೂ ನೋಡಿಕೊಳ್ಳುತ್ತಿದ್ದವು. ಪ್ಯಾರಿಸ್ ಸಂಘದ ಅನತೋಲ್ ಮೊದ್ವಿ ಎಂಬ ಗುರು 1846ರಲ್ಲಿ ಬುಕಿತ್ ತಿಮಾದಲ್ಲಿ ಸಂತ ಜೋಸೆಫರ ದೇವಾಲಯವನ್ನು ಈ ತೋಟದ ಕೂಲಿಗಳಿಗಾಗಿ ಕಟ್ಟಿದಾಗ, ಕ್ರೈಸ್ತನಾದವನು ಗುಪ್ತ ಸಂಘದ ಪ್ರಮಾಣವನ್ನು ಬಿಡುತ್ತಿದ್ದನು ಮತ್ತು ಸಮಾಧಿಯ ಹೊಣೆ ದೇವಾಲಯದ್ದಾಗುತ್ತಿತ್ತು. ಹೀಗೆ ಹಿಡಿತ ತಪ್ಪುವುದನ್ನು ಸಹಿಸದ ಸಂಘಗಳು 1851ರಲ್ಲಿ ಚೀನೀ ಕ್ರೈಸ್ತರ ತೋಟಗಳ ಮೇಲೆ ಬಿದ್ದು ಸುಟ್ಟು ಕೊಂದ ದಂಗೆ ಸಿಂಗಪುರದ ಚರಿತ್ರೆಯಲ್ಲಿ ದಾಖಲಾಗಿದೆ. ಮೇಲ್ನೋಟಕ್ಕೆ ಧರ್ಮದ ಕಲಹವಾಗಿ ಕಂಡರೂ ಆಳದಲ್ಲಿ ಅದು, ಮನೆಯಿಲ್ಲದವನಿಗೆ ಮನೆಯವರಾಗುವ ಹಕ್ಕು ಯಾರದು ಎಂಬುದರ ಕಲಹ.

ಮನೆ ಕಟ್ಟುವ ಕೆಲಸವೂ ದೇವಾಲಯದ ಪಾಲಿಗೆ ಬಂತು. ಬಾಲಯೇಸುವಿನ ಹೆಸರಿನ ಫ್ರೆಂಚ್ ಕನ್ಯಾಸ್ತ್ರೀಯರು 1852ರಲ್ಲಿ ಪೆನಾಂಗ್‌ನಲ್ಲಿಯೂ 1854ರಲ್ಲಿ ಸಿಂಗಪುರದಲ್ಲಿಯೂ ತೆರೆದ ಮಠಗಳ ಬಾಗಿಲಲ್ಲಿ ಬಡವರು ಬಿಟ್ಟುಹೋದ ಹೆಣ್ಣುಕೂಸುಗಳು ಅಲ್ಲಿಯೇ ಬೆಳೆದು, ವಯಸ್ಸಿಗೆ ಬಂದಾಗ, ಗುರುಗಳ ಶಿಫಾರಸು ಪಡೆದು ಬಂದ ಕಥೋಲಿಕ ಗಂಡಿಗೆ ಮದುವೆಯಾಗಿ ಹೋಗುತ್ತಿದ್ದರು. ತವರಿಲ್ಲದ ಹೆಣ್ಣು, ಊರಿಲ್ಲದ ಗಂಡು ಸೇರಿ ಕಟ್ಟಿದ ಮನೆಗಳಿವು. ಹಿರಿಯರ ಫಲಕ ಇಡುವ ಜಾಗದಲ್ಲಿ ಶಿಲುಬೆ ಬಂತು. ಅತ್ತೆಯ ಬದಲು ಕನ್ಯಾಸ್ತ್ರೀ ಬಾಣಂತನಕ್ಕೆ ಬುದ್ಧಿ ಹೇಳಿದಳು. ಸಿಂಗಪುರದ ಸಂತ ಪೇತ್ರ ಮತ್ತು ಪೌಲರ ದೇವಾಲಯ 1870ರಲ್ಲಿ ಮುಖ್ಯವಾಗಿ ಚೀನೀಯರಿಗಾಗಿ ಆಯಿತು. ಪೆನಾಂಗ್ ಎದುರಿನ ಬುಕಿತ್ ಮೆರ್ತಾಜಾಮ್‌ನಲ್ಲಿ ಹಕ್ಕಾ ರೈತರು ನೆಲೆಗೊಳಿಸಿದ ಸಂತ ಅನ್ನಮ್ಮನ ಯಾತ್ರೆಗೆ, ಮರಿಯಮ್ಮನವರ ತಾಯಿಯೆಂದು ಪೂಜ್ಯಳಾದ ಅಜ್ಜಿಯ ಹಬ್ಬಕ್ಕೆ, ಜುಲೈ ತಿಂಗಳಲ್ಲಿ ಇಂದಿಗೂ ಮಲೇಷ್ಯದ ಎಲ್ಲ ಭಾಷೆಯವರೂ ಬರುತ್ತಾರೆ. ವಂಶದ ನೆನಪು ಕಳೆದುಕೊಂಡ ವಲಸಿಗರು ಸಂತರಲ್ಲಿಯೂ ಒಬ್ಬ ಅಜ್ಜಿಯನ್ನೇ ಆರಿಸಿಕೊಂಡದ್ದು ಆಕಸ್ಮಿಕವಿರಲಾರದು.

ಫಿಲಿಪೀನ್ಸಿನ ದಾರಿ ಬೇರೆ. ಸ್ಪೇನಿನ ಆಡಳಿತ 1594ರಲ್ಲಿಯೇ ಮನಿಲಾ ಪಕ್ಕದ ಬಿನೊಂಡೊವನ್ನು ಕ್ರೈಸ್ತರಾದ ಚೀನೀಯರಿಗಾಗಿ ಬಿಟ್ಟುಕೊಟ್ಟಿದ್ದು, ದೀಕ್ಷಾಸ್ನಾನ ಪಡೆದವನಿಗೆ ಸ್ಥಳೀಯ ಹೆಣ್ಣನ್ನು ಮದುವೆಯಾಗಿ ನೆಲೆಸುವುದು ಸುಲಭವಾಗಿತ್ತು; ಚೀನೀ ತಂದೆಗೂ ಫಿಲಿಪಿನೊ ತಾಯಿಗೂ ಬಿನೊಂಡೊದಲ್ಲಿ ಹುಟ್ಟಿ, 1637ರಲ್ಲಿ ನಾಗಸಾಕಿಯಲ್ಲಿ ಧರ್ಮಕ್ಕಾಗಿ ಪ್ರಾಣ ತೆತ್ತ ಲೊರೆಂಜೊ ರೂಯಿಜ್ 1987ರಲ್ಲಿ ಸಂತನೆಂದು ಘೋಷಿತನಾದನು. ಭಾರತದಲ್ಲಿ ಕೊಲ್ಕತ್ತೆಯ ಚೀನೀಯರು, ಅದರಲ್ಲಿಯೂ ಟಾಂಗ್ರಾದಲ್ಲಿ ಚರ್ಮ ಹದಮಾಡುತ್ತಿದ್ದ ಹಕ್ಕಾಗಳು, ಮಕ್ಕಳನ್ನು ಮಿಷನ್ ಶಾಲೆಗಳಿಗೆ ಕಳಿಸಿದ್ದರಿಂದ ಕೆಲವು ಮನೆಗಳಲ್ಲಿ ಮೊಮ್ಮಕ್ಕಳು ಬಲಿಪೂಜೆಗೆ, ಎಂದರೆ ಕಥೋಲಿಕರ ಮುಖ್ಯ ಆರಾಧನೆಗೆ, ಹೋಗುವುದೂ ಅಜ್ಜಿ ಹಿರಿಯರ ಮುಂದೆ ಊದುಬತ್ತಿ ಹಚ್ಚುವುದೂ ಜೊತೆಜೊತೆಗೆ ನಡೆದುಬಂತು. 1962ರ ಯುದ್ಧದ ಕಾಲದಲ್ಲಿ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿಟ್ಟ ಮೇಲೆ ಈ ಸಮುದಾಯ ಕರಗತೊಡಗಿ, ಬಹಳ ಮಂದಿ ಕೆನಡಾದ ಟೊರಾಂಟೊಗೆ ಎರಡನೆಯ ಸಲ ವಲಸೆಹೋದರು.

ಎರಡು ಶತಮಾನಗಳ ನಿಷೇಧ ಸಡಿಲವಾದದ್ದು ಎರಡೂ ಕಡೆ ಹೆಚ್ಚುಕಡಿಮೆ ಒಮ್ಮೆಗೇ. 1939ರ ಡಿಸೆಂಬರ್ 8ರಂದು ರೋಮ್, ಪೂರ್ವಜರ ಭಾವಚಿತ್ರದ ಇಲ್ಲವೆ ಹೆಸರಿನ ಫಲಕದ ಮುಂದೆ ತಲೆಬಾಗುವುದು ಸಾಮಾಜಿಕ ಗೌರವವೆಂದು ಒಪ್ಪಿ ಚೀನಾದ ಗುರುಗಳ ಪ್ರಮಾಣವನ್ನು ತೆಗೆದುಹಾಕಿತು. ಮಲಬಾರ್ ವಿಧಿಗಳ ವಿಷಯವಾಗಿ ಭಾರತದ ಗುರುಗಳು ಅದೇ ಬಗೆಯಲ್ಲಿ ಮಾಡಬೇಕಾಗಿದ್ದ ಪ್ರಮಾಣವೂ 1940ರ ಏಪ್ರಿಲ್‌ನಲ್ಲಿ ಹೋಯಿತು. ಇಂದು ತುಮಕೂರು ಜಿಲ್ಲೆಯನ್ನೂ ಒಳಗೊಂಡಿರುವ ಬೆಂಗಳೂರು ಧರ್ಮಪ್ರಾಂತ ಮೈಸೂರಿನಿಂದ ಬೇರೆಯಾದದ್ದು ಅದೇ ವರ್ಷದ ಫೆಬ್ರವರಿಯಲ್ಲಿ. ಆಮೇಲೆ 1969ರಲ್ಲಿ ಭಾರತದ ಧರ್ಮಾಧ್ಯಕ್ಷರ ಕೋರಿಕೆಯಂತೆ ಆರತಿ, ನೆಲದ ಮೇಲೆ ಕುಳಿತು ಬಲಿಪೂಜೆ ಮಾಡುವುದು, ಅಂಜಲಿ ಜೋಡಿಸುವುದು ಮೊದಲಾದ 12 ಅಂಶಗಳಿಗೆ ರೋಮಿನ ಒಪ್ಪಿಗೆ ಸಿಕ್ಕಿತು. 1971ರಲ್ಲಿ ತೈವಾನಿನ ಕಾರ್ಡಿನಲ್ ಯೂ ಬಿನ್ ಚೀನೀ ಹೊಸ ವರ್ಷದಂದು ಪೂರ್ವಜರಿಗೆ ಊದುಬತ್ತಿ, ಹಣ್ಣು, ಮದ್ಯ ಅರ್ಪಿಸುವ ಗೌರವವನ್ನು ಬಹಿರಂಗವಾಗಿ ನಡೆಸಿಕೊಟ್ಟರು.

ಈ ಅನುಮತಿಗಳಿಂದ ತಕರಾರು ಮುಗಿದಿದೆಯೆಂದಲ್ಲ. ಮಲಯಾದ ಹಳೆಯ ಕಥೋಲಿಕ ಮನೆಗಳಲ್ಲಿ, ಅಜ್ಜ ಮುತ್ತಜ್ಜಂದಿರು ಬಿಟ್ಟುಕೊಟ್ಟ ಊದುಬತ್ತಿಯನ್ನು ಮತ್ತೆ ಹಿಡಿಯಲು ಒಪ್ಪದ ಹಿರಿಯರಿದ್ದಾರೆ. ಅವರಿಗೆ ಅದನ್ನು ಬಿಟ್ಟದ್ದೇ ಕುಟುಂಬದ ಪರಂಪರೆ. ಭಾರತದಲ್ಲಿ ಆರತಿಯ ವಿಷಯಕ್ಕೆ ಬೇರೆ ಬಗೆಯ ಆಕ್ಷೇಪವಿದೆ. ಯಾವ ಗುಡಿಗಳ ಒಳಗೆ ತಮ್ಮ ಹಿರಿಯರಿಗೆ ಪ್ರವೇಶವಿರಲಿಲ್ಲವೋ ಆ ಗುಡಿಗಳ ವಿಧಿಯನ್ನು ದೇಶೀಯತೆಯೆಂದು ತಮ್ಮ ದೇವಾಲಯಕ್ಕೆ ತರುವುದು ಏಕೆ ಎಂದು ದಲಿತ ಕ್ರೈಸ್ತರು ಕೇಳುತ್ತಾರೆ. 1704ರ ಆಜ್ಞೆಯಲ್ಲಿ ತಾಳಿಯ ಅಂಶವೂ ಗುಡಿಸಲಿನ ಅಂಶವೂ ಒಂದೇ ಹಾಳೆಯಲ್ಲಿದ್ದವು. ತಾಳಿಯದು ಶಿಲುಬೆಯ ಗುರುತಿನಿಂದ ಇತ್ಯರ್ಥವಾಗಿ ಮುನ್ನೂರು ವರ್ಷಗಳಾದವು, ಗುಡಿಸಲಿನದು ಧರ್ಮಾಧ್ಯಕ್ಷರ ಸಭೆಗಳ ಮುಂದೆಯೂ ನ್ಯಾಯಾಲಯಗಳ ಮುಂದೆಯೂ ಇನ್ನೂ ಬಾಕಿ ಇದೆ.